ಬೆಕ್ಕಿನ ಮೇಲೆ ಹೊರಿಸಿದ್ದು

ನಮ್ಮ ಭಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಹೋದ ವರ್ಷ ಶಾಲೆಯ ಮಕ್ಕಳನ್ನು ಕರೆದೊಯ್ಯಲೆಂದು ಹಳೆಯದೊಂದು ಡೀಸೆಲ್ ವ್ಯಾನು ಕೊಂಡರು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಸಿಯಾಗಲು ಬಿಡದಿದ್ದರೆ ಅದು ದಾರಿಯಲ್ಲಿ ಮುನಿಸಿಕೊಂಡು ನಿಲ್ಲುತ್ತಿತ್ತು. ಆ ಹೊತ್ತಿಗೆ ಅದನ್ನು ಅಡುಗೆಮನೆಯ ಕಿಟಕಿಗೆ ಒತ್ತಿ ನಿಲ್ಲಿಸುವರು. ಅಕ್ಕ ಸರಳುಗಳ ನಡುವಿನಿಂದ ಟೀ ಲೋಟ ಕೊಡುವಳು. ಇಂಜಿನ್ನು ಗುಡುಗುಡು ಅನ್ನುತ್ತಿರುವಾಗಲೇ ಇಬ್ಬರಿಗೂ ಹರಟೆ.

"ಇಡೀ ಬೀದಿಗೆ ಹೊಗೆ ಹಾಕಿ ಪ್ರೀತಿ ಮಾಡ್ತೀರಲ್ಲ!" ಎಂದು ನಾನು ರೇಗಿಸುತ್ತಿದ್ದೆ.

ಅಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ. ಆದರೂ ಬಟ್ಟೆ ಹೊಲಿದುಕೊಂಡು, ಮಡಿಲಲ್ಲಿ ಗುಂಡನನ್ನು ಮಲಗಿಸಿಕೊಂಡು ಹಾಯಾಗಿದ್ದಳು. ಗುಂಡ ಅವಳ ಬೆಕ್ಕು, ಮೆಷಿನ್ನಿನ ಸದ್ದಿಗೇ ನಿದ್ದೆ ಹೋಗುವ ಸೋಮಾರಿ. ವ್ಯಾನು ಬಂದ ಮೇಲೆ ಉಬ್ಬಸ ಜೋರಾಯಿತು. ಬೆಕ್ಕು ಹತ್ತಿರ ಬಂದರೆ ಸಾಕು, ಸೀನು, ಕೆಮ್ಮು, ಎದೆಯಲ್ಲಿ ಸಿಳ್ಳೆ.

"ಕಣ್ಣೆದುರೇ ಕಾಣ್ತಿದೆಯಲ್ಲ, ಇದರ ಕೂದಲಿಂದಲೇ," ಎಂದರು ಭಾವ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಕ್ಕ ಅತ್ತಳು, ಬೇಡಿಕೊಂಡಳು. ಎಲ್ಲಿ ಅವಳನ್ನೇ ಕಳೆದುಕೊಳ್ಳುವೆನೋ ಎಂಬ ಭಯಕ್ಕೆ ಭಾವ ಗುಂಡನನ್ನು ಬುಟ್ಟಿಯಲ್ಲಿ ಕೂರಿಸಿ, ಅದೇ ವ್ಯಾನಿನಲ್ಲಿ ಒಯ್ದು, ಊರಾಚೆ ಒಬ್ಬ ಬಡಗಿಯ ಮನೆಯಲ್ಲಿ ಬಿಟ್ಟು ಬಂದರು.

ಉಬ್ಬಸ ಮಾತ್ರ ಹೋಗಲಿಲ್ಲ. ಈಗ ಬಟ್ಟೆ ಕೊಡವಿದ ಧೂಳಿಗೂ ಅವಳ ಎದೆ ಕಟ್ಟುತ್ತಿತ್ತು. ಕಡೆಗೆ ಇಬ್ಬರನ್ನೂ ನಾನೇ ದೊಡ್ಡ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಮನೆಯ ದಿನಚರಿಯನ್ನೆಲ್ಲ ಕೆದಕಿ ಕೇಳಿದರು. ಕಿಟಕಿಯ ಟೀ ವಿಷಯ ಬಂದಾಗ ಪೆನ್ನು ಕೆಳಗಿಟ್ಟರು.

"ಬೆಕ್ಕು ಇವರಿಗೆ ಆಗಲ್ಲ ಅನ್ನೋದು ಸುಳ್ಳಲ್ಲ. ಆದ್ರೆ ಇಷ್ಟು ವರ್ಷ ದೇಹ ಹೇಗೋ ತಡ್ಕೊಂಡಿತ್ತು. ಡೀಸೆಲ್ ಹೊಗೆ ದಿನಾ ಒಳಗೆ ಹೋಗಿ ಶ್ವಾಸನಾಳವನ್ನ ಕೆರಳಿಸಿದೆ. ಮೈಯೊಳಗಿನ ಕಾವಲುಗಾರರಿಗೆ ತಲೆ ಕೆಟ್ಟಿದೆ ಅಂದ್ಕೊಳ್ಳಿ. ಕೂದಲು ಬರ್ಲಿ, ಧೂಳು ಬರ್ಲಿ, ಕಳ್ಳ ಬಂದ ಅಂತ ಬಡಿದಾಡ್ತಾರೆ. ಮೊದಲು ಆ ಹೊಗೆ ನಿಲ್ಲಿಸಿ. ಬೆಕ್ಕಿನ ವಿಷಯ ಆಮೇಲೆ ನೋಡ್ಬಹುದಿತ್ತು."

"ಅವಳ ಜೊತೆ ಟೀ ಕುಡಿಯೋಕಲ್ವಾ ನಾನು ಅಲ್ಲಿ ನಿಲ್ಲಿಸ್ತಿದ್ದದ್ದು," ಎಂದರು ಭಾವ, ಯಾರೂ ಕೇಳದಿದ್ದರೂ. ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು.

ಆಸ್ಪತ್ರೆಯಿಂದ ನೇರವಾಗಿ ಬಸ್ಸು ಹಿಡಿದು ಬಡಗಿಯ ಮನೆಗೆ ಹೋದೆವು. ಅವನ ಹೆಂಡತಿ ನಮ್ಮನ್ನು ಕಂಡು ಬಾಗಿಲಲ್ಲೇ ನಿಂತಳು.

"ಅಯ್ಯೋ, ಅದು ಬಂದ ವಾರವೇ ಕಾಣೆಯಾಯ್ತಲ್ಲ! ಯಾವ ವ್ಯಾನಿನ ಸದ್ದು ಕೇಳಿದ್ರೂ ರಸ್ತೆಗೆ ಓಡ್ತಿತ್ತು. ನೀವೇ ಬಂದ್ರಿ ಅಂದ್ಕೋತಿತ್ತೋ ಏನೋ."

ಅಕ್ಕ ಓಣಿಗೆ ಇಳಿದಳು. ಚರಂಡಿ, ಮರದ ತುಂಡುಗಳ ರಾಶಿ, ನಿಂತ ಲಾರಿಯ ಅಡಿ, ಎಲ್ಲ ಕಡೆ ಬಗ್ಗಿ "ಗುಂಡಾ, ಗುಂಡಾ" ಎಂದು ಕರೆದಳು. ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಭಾವ ಅವಳ ಹಿಂದೆಯೇ ಇದ್ದರು.

"ಒಂದ್ಸಲ ಬೈದುಬಿಡೇ ನನಗೆ," ಎಂದರು. "ಬಾಯಿಗೆ ಬಂದ ಹಾಗೆ ಬೈ."

ಅಕ್ಕ ತಿರುಗಿ ನೋಡಲಿಲ್ಲ.

"ಬೈಯೋಕೂ ಉಸಿರು ಬೇಕಲ್ರೀ. ಇರೋ ಉಸಿರಲ್ಲಿ ಅವನನ್ನ ಕರೀತೀನಿ, ಸುಮ್ನಿರಿ."