ಒಡೆಯದ ಸಂದೇಶ

ಬಿಜೈಯಿಂದ ಕಂಕನಾಡಿಯ ಪ್ರಯೋಗಾಲಯಕ್ಕೆ ಆರು ವರ್ಷ ಬಸ್ಸಿನಲ್ಲಿ ಜೋತಾಡಿದ ಸುಪ್ರೀತಾಳ ಪಿಎಚ್‌.ಡಿ. ನಿಂತದ್ದು ಒಂದೇ ಮಾತಿನ ಮೇಲೆ: ಅವಳ ಬ್ಯಾಕ್ಟೀರಿಯಾ ತಳಿ ಸಂದೇಶಗಳನ್ನು ಒಡೆಯುವುದಿಲ್ಲ.

ಬ್ಯಾಕ್ಟೀರಿಯಾ ಮಹಾ ಚುರುಕು. ಜೀನ್ ಹೊರಡಿಸಿದ ಅಪ್ಪಣೆ, ಅಂದರೆ ಸಂದೇಶವಾಹಕ ಆರ್‌ಎನ್‌ಎ, ಕೆಲವೇ ನಿಮಿಷಗಳಲ್ಲಿ ತುಂಡುತುಂಡು. ಹಳೆಯ ಅಪ್ಪಣೆ ಉಳಿದುಕೊಂಡರೆ ಹೊಸದಕ್ಕೆ ಬೆಲೆಯೆಲ್ಲಿ? ಇದನ್ನು ಅಳೆಯಲು ರಿಫಾಂಪಿಸಿನ್ ಎಂಬ ಕೆಂಪು ಔಷಧಿ ಸುರಿದು ಹೊಸ ಸಂದೇಶಗಳ ತಯಾರಿ ನಿಲ್ಲಿಸಬೇಕು, ಹಳೆಯವು ಕರಗುವುದನ್ನು ನೋಡುತ್ತ ಕೂರಬೇಕು. ಸುಪ್ರೀತಾಳ ತಳಿಯಲ್ಲಿ ಅವು ಕರಗಲೇ ಇಲ್ಲ. ಗೈಡ್ ಚಿತ್ತರಂಜನ ಶೆಟ್ಟರು ಹಿರಿಹಿರಿ ಹಿಗ್ಗಿ ಲೇಖನ ಪ್ರಕಟಿಸಿದರು.

ಪ್ರಬಂಧ ಸಲ್ಲಿಸುವ ವಾರ, ಏನೋ ಅನುಮಾನ ಬಂದು, ಅವಳು ಆ ತಳಿಯನ್ನು ಔಷಧಿ ಬೆರೆಸಿದ ತಟ್ಟೆಯ ಮೇಲೆ ಹಚ್ಚಿಟ್ಟಳು. ಸಾಯಬೇಕಿದ್ದದ್ದು ಬೆಳಗ್ಗೆ ನೋಡಿದರೆ ದೋಸೆ ಹಿಟ್ಟಿನಂತೆ ದಪ್ಪಗೆ ಹಬ್ಬಿತ್ತು. ಔಷಧಿ ಅದಕ್ಕೆ ತಾಗುವುದೇ ಇಲ್ಲ! ಹೊಸ ಸಂದೇಶಗಳ ತಯಾರಿ ಒಂದು ಕ್ಷಣವೂ ನಿಂತಿರಲಿಲ್ಲ. ಹಳೆಯ ಸಂದೇಶಗಳು ಎಲ್ಲ ಕಡೆಯಂತೆ ಒಡೆಯುತ್ತಲೇ ಇದ್ದವು, ಆ ಜಾಗಕ್ಕೆ ಹೊಸವು ಬರುತ್ತಿದ್ದವು, ಅಷ್ಟೆ. ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಇದು. ಆದರೆ ಗುರುಗಳ ಕೈಯಿಂದ ಬಂದ ತಳಿಯನ್ನು ಪರೀಕ್ಷಿಸುವುದೆಂದರೆ ಆ ಲ್ಯಾಬಿನಲ್ಲಿ ಪ್ರಸಾದವನ್ನು ಮೂಸಿ ನೋಡಿದ ಹಾಗೆ.

"ಈಗ ಹೇಳುದಾ ಮಾರಾಯ್ತಿ?" ಶೆಟ್ಟರು ಅವಳು ತಂದಿಟ್ಟ ತಟ್ಟೆಯನ್ನು ದೂರ ಸರಿಸಿದರು. "ಸಬ್ಮಿಟ್ ಮಾಡು. ಡಿಗ್ರಿ ಬರ್ಲಿ, ಮತ್ತೆ ನೋಡುವ."

"ಸುಳ್ಳಾಗ್ತದಲ್ಲ ಸರ್?"

"ಹಾಗಾದ್ರೆ ಪುನಃ ಒಂದರಿಂದ ಶುರು ಮಾಡು. ಫೆಲೋಶಿಪ್ ಮುಗಿದುಂಟು. ಬೇಕಾ?"

ಸುಪ್ರೀತಾ ನುಂಗಲೂ ಆಗದೆ ಉಗುಳಲೂ ಆಗದೆ ಹೊರಬಂದಳು. ತಲೆ ಕೆಟ್ಟು ಕೆರವಾಗಿತ್ತು. ಹೇಳಿದರೆ ಆರು ವರ್ಷ ನೀರುಪಾಲು, ಹೇಳದಿದ್ದರೆ ಜೀವಮಾನವಿಡೀ ಹೆದರಿಕೆ.

ಹೊರಗೆ ಲ್ಯಾಬಿನಲ್ಲಿ ಮೆಲಿಸಾ ಕಾಯುತ್ತಿದ್ದಳು. ಹೊಸದಾಗಿ ಪಿಎಚ್‌.ಡಿ.ಗೆ ಸೇರಿದ ಹುಡುಗಿ. ಶೆಟ್ಟರು ಅವಳಿಗೂ ಅದೇ ತಳಿ ಕೊಟ್ಟು, ಸುಪ್ರೀತಾಳ ಕೆಲಸವನ್ನೇ ಮುಂದುವರಿಸಲು ಹೇಳಿದ್ದರು.

"ಅಕ್ಕ, ನಾನಿನ್ನು ಐದು ವರ್ಷ ಇದರಲ್ಲೇ ಅಲ್ವಾ? ಈ ತಳಿ ಸರಿ ಉಂಟಲ್ಲ?"

ಶೆಟ್ಟರ ಕೋಣೆಯ ಬಾಗಿಲು ತೆರೆದೇ ಇತ್ತು. ಸುಪ್ರೀತಾ ಒಮ್ಮೆ ಅತ್ತ ನೋಡಿದಳು.

"ಸರಿ ಉಂಟು," ಎಂದಳು. ಹೇಳಿದ ಮರುಕ್ಷಣವೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮೆಲಿಸಾ ಇನ್ನೂ ಹತ್ತಿರ ಬಂದಳು. "ನಾನು ಮೊನ್ನೆಯೇ ಔಷಧಿ ತಟ್ಟೆಗೆ ಹಾಕಿ ನೋಡಿದ್ದೆ ಅಕ್ಕ," ಎಂದಳು ಮೆಲ್ಲಗೆ. "ದಪ್ಪಕ್ಕೆ ಬೆಳೆದುಂಟು. ನೀವು 'ಸರಿ ಇಲ್ಲ' ಅಂದಿದ್ರೆ, ಇಬ್ರೂ ಒಟ್ಟಿಗೆ ಹೋಗಿ ಸರ್‌ಗೆ ಹೇಳುವ ಅಂತ ಇದ್ದೆ. ಒಬ್ಳೇ ಹೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ."

ಸುಪ್ರೀತಾ ಬಾಗಿಲಿಗೆ ಬೆನ್ನು ತಿರುಗಿಸಿ ಔಷಧಿಯ ಸೀಸೆಗಳನ್ನು ಜೋಡಿಸತೊಡಗಿದಳು.

ಮೆಲಿಸಾ ಕೈಗವಸು ಹಾಕಿಕೊಂಡು, ತಲೆ ಎತ್ತದೆ ಕೇಳಿದಳು: "ಇರ್ಲಿ ಅಕ್ಕ. ಔಷಧಿ ಎಷ್ಟು ಹಾಕ್ಬೇಕು, ತೋರಿಸಿ."

ಸುಪ್ರೀತಾ ತೋರಿಸಿಕೊಟ್ಟಳು.