ಮಗನ ಅಂಗಿಯ ಅಳತೆ

ಅವಳಿ ಮಕ್ಕಳಿಬ್ಬರನ್ನೂ ಕ್ಯಾಥೋಲಿಕ್ ಶಾಲೆಗೇ ಹಾಕಬೇಕೆಂದು ಹೊಲಿಗೆಯವಳು ಹಟ ಹಿಡಿದಿದ್ದಳು. ಅವಳ ಆಸೆಗೆ ಗಂಡ ಒಂದೇ ಮಾತಿನಲ್ಲಿ ಕತ್ತರಿ ಹಾಕಿದ.

“ಇಬ್ಬರ ಫೀಸು ಕಟ್ಟೋಕೆ ನಾವೇನು ಸಾಹುಕಾರರಾ? ಮಗಳು ಚುರುಕು, ಸರ್ಕಾರಿ ಶಾಲೇಲೂ ಓದ್ಕೋತಾಳೆ. ಇವನು ಮೊದಲೇ ಮೊದ್ದು, ಸಿಸ್ಟರುಗಳ ಕೈಗೆ ಕೊಟ್ರೆ ಒಂದು ದಾರಿಗೆ ಬಂದಾನು.”

“ಅಂದ್ರೆ ಜಾಣೆಯಾಗಿ ಹುಟ್ಟಿದ್ದೇ ಅವಳ ತಪ್ಪು! ಮಷೀನು ತುಳಿದು ಸವೆಯೋದು ನನ್ನ ಕಾಲು, ತೀರ್ಮಾನ ಮಾತ್ರ ನಿಮ್ಮದು!”

ಗೋಡೆಗೆ ಹೇಳಿದಂತಾಯಿತು. ಅವನು ಆಗಲೇ ಮಗನಿಗೆ ಸೀಟು ಮಾಡಿಸಿ ಬಂದಿದ್ದ.

ಹಲ್ಲು ಕಚ್ಚಿಕೊಂಡು ಅವಳು ಮಗನ ಯೂನಿಫಾರ್ಮಿನ ಬಿಳಿ ಅಂಗಿ ಹೊಲಿಯಲು ಕೂತಳು. ತೊಡಿಸಿ ನೋಡೋಣವೆಂದರೆ ಮಗರಾಯ ಬೀದಿಯಲ್ಲಿ ಚೆಂಡಾಡುತ್ತಿದ್ದ. ಕೂಗಿ ಕೂಗಿ ಗಂಟಲು ಒಣಗಿದರೂ ಒಳಗೆ ಬರಲಿಲ್ಲ. ಹೇಗೂ ಇಬ್ಬರದೂ ಒಂದೇ ಮೈಕಟ್ಟು.

“ನೀನೇ ಬಾರೇ ಇಲ್ಲಿ,” ಎಂದು ಮಗಳಿಗೆ ತೊಡಿಸಿದಳು.

ಮಗಳು ಬೆನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು ನಿಂತಳು. ತಾಯಿ ಗುಂಡುಸೂಜಿ ಹಿಡಿದು ಸುತ್ತ ತಡಕಿದಳು. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ.

“ಅಮ್ಮಾ, ನಂಗೆ ಸರಿಯಾಗೇ ಆಗುತ್ತಲ್ಲಾ!”

“ಕೊಳೆಯಾಗುತ್ತೆ, ಬಿಚ್ಚೇ,” ಎಂದು ತಾಯಿ ಗದರಿದಳು.