ಹೂವಿನ ಹಂಗಾಮಿನಲ್ಲಿ ನಿಂತ ಗುಳಿಗೆ

ಅಕ್ಕಂದಿರೇ, ತಂಗಿಯರೇ, ಹೂವಿನಹಡಗಲಿ ಸುತ್ತ ಮಲ್ಲಿಗೆ ಬೆಳೆಯುವ ನಮ್ಮಂಥ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತೊಂದಿದೆ. ಮೊಗ್ಗು ಯಾರಿಗೂ ಕಾಯುವುದಿಲ್ಲ. ಬೆಳಗ್ಗೆ ಬಿಡಿಸದಿದ್ದರೆ ಗಿಡದಲ್ಲೇ ಅರಳಿಬಿಡುತ್ತದೆ. ಅರಳಿದ ಹೂವನ್ನು ಪೇಟೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಅದಕ್ಕೇ ಹಂಗಾಮು ಬಂತೆಂದರೆ ಮನೆಯ ಹೆಂಗಸರೆಲ್ಲ ತೋಟದಲ್ಲಿರಬೇಕು. ಮುಟ್ಟಾದವರು ಮಾತ್ರ ಇರಬಾರದು. ಹೊರಗಾದ ಹೆಂಗಸು ಕಾಲಿಟ್ಟರೆ ಗಿಡ ಸೊರಗುತ್ತದೆ, ಮೊಗ್ಗು ಕೆಂಪಾಗುತ್ತದೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ, ನಾವು ಕೇಳುತ್ತ ಬಂದಿದ್ದೇವೆ.

ನಮ್ಮೂರ ಹಾಲೇಶಪ್ಪ, ಪಂಪಮ್ಮ ದಂಪತಿಯ ಮಗಳು ಅಂಜಿನಿಗೆ ಹತ್ತೊಂಬತ್ತು ವರ್ಷ. ಹೂ ಬಿಡಿಸುವುದರಲ್ಲಿ ಅವಳ ಕೈ ಭಾರಿ ಚುರುಕು. ಅದಕ್ಕಿಂತ ಹೆಚ್ಚಾಗಿ, ಅವಳು ಒಂದು ದಿನವೂ ತೋಟ ತಪ್ಪಿಸುತ್ತಿರಲಿಲ್ಲ. ಉಳಿದ ಮನೆಗಳಲ್ಲಿ ಹುಡುಗಿಯರು ತಿಂಗಳಿಗೊಮ್ಮೆ ಹೊರಗೆ ಕೂರುತ್ತಿದ್ದರೆ ಅಂಜಿನಿ ತಿಂಗಳುಗಟ್ಟಲೆ ಬುಟ್ಟಿ ಹಿಡಿದು ತೋಟದಲ್ಲೇ ಇರುತ್ತಿದ್ದಳು. "ಪಂಪಮ್ಮನ ಮಗಳು ಪುಣ್ಯವಂತಿ" ಎಂದು ನಾವೆಲ್ಲ ಹೊಟ್ಟೆಕಿಚ್ಚುಪಟ್ಟೆವು. ಆ ಹುಡುಗಿಗೆ ಮುಟ್ಟು ಯಾಕೆ ಬರುತ್ತಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಹೂ ಬರದಿದ್ದರೆ ಗಿಡದ ಬೇರು ಕೆದಕಿ ನೋಡುವ ಜನ ನಾವು!

ಹೋದ ವರ್ಷ ಮಳೆಗಾಲದ ಕೊನೆಗೆ ಒಂದು ಬೆಳಗ್ಗೆ ಅಂಜಿನಿ ತೋಟದಲ್ಲೇ ಕುಸಿದು ಬಿದ್ದಳು. ಎಷ್ಟೋ ತಿಂಗಳಿಂದ ಬಾರದ ಮುಟ್ಟು ಒಮ್ಮೆಲೇ ಬಂದಿತ್ತು. ರಕ್ತ ನಿಲ್ಲಲೇ ಇಲ್ಲ. ಹೂ ಸಾಗಿಸುವ ಟಂಟಂ ಗಾಡಿಯಲ್ಲಿ ಮಲಗಿಸಿ ಹಡಗಲಿಗೆ ಕರೆದೊಯ್ದರು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು. ಪಿ.ಸಿ.ಓ.ಎಸ್. ಎಂಬ ಅಂಡಾಶಯದ ತೊಂದರೆ ಎಂದು ಹೇಳಿದರು. ಗದ್ದದ ಮೇಲೆ ಕೂದಲು ಬರುತ್ತಿದ್ದುದು, ಮುಖದ ಮೊಡವೆ, ಮುಟ್ಟು ತಪ್ಪುತ್ತಿದ್ದುದು ಎಲ್ಲಕ್ಕೂ ಅದೇ ಕಾರಣವಂತೆ. ದಿನಾಲೂ ನುಂಗುವ ಒಂದು ಗುಳಿಗೆ, ಮುಟ್ಟು ಬರಿಸಲು ಹೇಳಿದಷ್ಟೇ ದಿನ ನುಂಗುವ ಇನ್ನೊಂದು ಗುಳಿಗೆ ಕೊಟ್ಟು, "ಬಹಳ ದಿನ ತಗೋಬೇಕು, ನನ್ನ ಕೇಳದೆ ಬಿಡಬೇಡಿ" ಎಂದರು.

ಗುಳಿಗೆ ಕೆಲಸ ಮಾಡಿತು. ಚಳಿಗಾಲವೆಲ್ಲ ಅಂಜಿನಿಗೆ ಸರಿಯಾಗಿ ಮುಟ್ಟು ಬಂತು, ಮುಖದಲ್ಲಿ ಕಳೆ ಬಂತು. ಶಿವರಾತ್ರಿ ಕಳೆಯುತ್ತಲೂ ಗಿಡಗಳು ಮೊಗ್ಗು ಹಿಡಿದವು. ಆಗಲೇ ತೊಂದರೆ ಶುರುವಾದದ್ದು. ಹಂಗಾಮಿನ ನಡುವೆ ಅಂಜಿನಿ ಹೊರಗಾದಳು. ದಿನಾ ಬರುವ ಕೂಲಿಯವರ ಜೊತೆ ಅವಳ ಬದಲಿಗೆ ಇನ್ನೊಬ್ಬಳನ್ನು ಕರೆಯಬೇಕಾಯಿತು. ಆದರೂ ಒಂದು ಸಾಲು ಹೂ ಗಿಡದಲ್ಲೇ ಅರಳಿತು, ಬೆಳಗಿನ ಬಸ್ಸಿಗೆ ಬುಟ್ಟಿ ಕಡಿಮೆ ಬಿತ್ತು. ಹಾಲೇಶಪ್ಪ ಎಸ್.ಟಿ.ಡಿ. ಬೂತಿನಿಂದ ಹೂವಿನ ದಲ್ಲಾಳಿಗೆ ಸಮಾಧಾನ ಹೇಳಿ ಸುಸ್ತಾದ. ಆ ದಿನವೇ ಪಂಪಮ್ಮ ಗುಳಿಗೆಯ ಪೊಟ್ಟಣವನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಳು.

"ಹಂಗಾಮು ಮುಗಿಯೋತನ ಬ್ಯಾಡವ್ವ. ಆಮ್ಯಾಲೆ ನುಂಗುವಂತಿ," ಎಂದಳು.

ಅಂಜಿನಿ ಸುಮ್ಮನಾದಳು. ಮುಟ್ಟೂ ಸುಮ್ಮನಾಯಿತು. ಒಂದು ತಿಂಗಳು ಬರಲಿಲ್ಲ, ಎರಡನೆಯ ತಿಂಗಳೂ ಬರಲಿಲ್ಲ. ದಿನಾ ಬೆಳಗ್ಗೆ ತೋಟಕ್ಕೆ ಹೋಗುವಾಗ ಆ ಹುಡುಗಿಗೆ ಒಂದೇ ಯೋಚನೆ. ಮತ್ತೆ ಇವತ್ತು ಬಿದ್ದರೆ?

ಗುರುವಾರ ಮಕ್ಕಳಿಗೆ ಚುಚ್ಚುಮದ್ದು ಹಾಕಲು ನರ್ಸ್ ಕನಕಮ್ಮ ಬಂದಿದ್ದರು. ಕೆಲಸ ಮುಗಿಸಿ ಹಾಲೇಶಪ್ಪನ ಮನೆಯ ಕಟ್ಟೆಗೆ ಬಂದು ಕೂತರು. ನಾನೂ ಅಲ್ಲೇ ಮಾಲೆ ಕಟ್ಟುತ್ತ ಕೂತಿದ್ದೆ.

"ಗುಳಿಗಿ ನುಂಗಾಕ ಹತ್ತೀಯಿಲ್ಲವಾ, ಅಂಜಿನಿ?"

ಅಂಜಿನಿ ತಾಯಿಯ ಮುಖ ನೋಡಿದಳು. ತಾಯಿ ಮೊಗ್ಗಿನ ಬುಟ್ಟಿ ನೋಡಿದಳು.

"ಮುಟ್ಟು ಸರಿ ಆಗಿತ್ತಲ್ರಿ ಸಿಸ್ಟರ್, ಬಿಡಿಸಿದ್ವಿ," ಎಂದಳು ಪಂಪಮ್ಮ. "ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ?"

"ನೀವಿನ್ನೂ ಹೊಳಿ ನಡುವ ಅದೀರಿ ಪಂಪಮ್ಮ. ಅಲ್ಲೇ ಅಂಬಿಗನ್ನ ಇಳಿಸಿ ಕಳಿಸೀರಿ."

ಒಳಗಿನಿಂದ ದ್ಯಾಮಕ್ಕ ಬಂದಳು. ದ್ಯಾಮಕ್ಕ ಎಂದರೆ ಹಾಲೇಶಪ್ಪನ ತಾಯಿ, ಆ ಮನೆಯ ಹಿರಿತಲೆ. ಪ್ರಶ್ನೆ ಕೇಳುವುದೆಂದರೆ ಅವಳಿಗೆ ಎಲೆ ಅಡಿಕೆ ಇದ್ದಂತೆ, ಬಾಯಲ್ಲಿ ಒಂದಾದರೂ ಇರಲೇಬೇಕು. ಬಸ್ಸು ಕೆಟ್ಟು ನಿಂತರೆ ಡ್ರೈವರನ ಪಕ್ಕ ನಿಂತು ಎಂಜಿನ್ನಿನ ವಿಚಾರ ಕೇಳುವ ಮುದುಕಿ.

"ಸಿಸ್ಟರಮ್ಮಾ, ನನಗೊಂದು ತಿಳಿವಲ್ದು. ತಿಂಗಳಾ ಹೋಗಬೇಕಾದ ರಕ್ತ ಹೋಗಲಿಲ್ಲ ಅಂದ್ರ ಅದು ಎಲ್ಲಿ ಕುಂತಿರ್ತೈತಿ? ತಲಿಗಿ ಏರ್ತೈತಿ ಅಂತಾರ ಮಂದಿ."

"ತಲಿಗಿ ಏರಂಗಿಲ್ಲ ದೊಡ್ಡವ್ವ," ಕನಕಮ್ಮ ನಕ್ಕರು. "ಗರ್ಭಚೀಲದಾಗ ತಿಂಗಳಿಗೊಮ್ಮಿ ಒಂದು ಮೆತ್ತನ ಪದರ ಕಟ್ಟತೈತಿ. ಬಸಿರು ನಿಲ್ಲಲಿಲ್ಲ ಅಂದ್ರ ಅದು ಕಳಚಿ ಹೊರಗ ಹೋಗತೈತಿ. ಅದ ಮುಟ್ಟು. ನಿಮ್ಮ ಮೊಮ್ಮಗಳ ಮೈಯಾಗ ಹಾರ್ಮೋನು ಏರುಪೇರಾಗಿ ಪದರ ವ್ಯಾಳ್ಯಾಕ್ಕ ಕಳಚವಲ್ದು. ಅಲ್ಲೇ ದಪ್ಪ ಆಗಿ ಆಗಿ ಒಂದಿನ ಒಮ್ಮೆಲೇ ಬೀಳತೈತಿ. ಅವತ್ತು ತೋಟದಾಗ ಆತಲ್ಲ, ಅದ."

"ಬಿದ್ದು ಹೋದ್ರ ಪೀಡೆ ಹೋತಲ್ಲ?"

"ಅದರ ಕೂಡ ಎಷ್ಟು ರಕ್ತ ಹೋತು ನೀವ ನೋಡೀರಿ. ವರ್ಷಗಟ್ಟಲೆ ಹಿಂಗ ಬಿಟ್ರ ಮುಂದ ಗರ್ಭಚೀಲದ ಕ್ಯಾನ್ಸರ್ ಆಗೋ ಅಪಾಯನೂ ಜಾಸ್ತಿ."

ದ್ಯಾಮಕ್ಕನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಆದರೆ ಪ್ರಶ್ನೆ ನಿಲ್ಲಲಿಲ್ಲ.

"ಅಲ್ಲ, ಬಾಜೂ ಮನಿ ಜುಬೇದಾ ಬೀ ಸಕ್ರಿ ಕಾಯಿಲಿಗಿ ನುಂಗೋ ಗುಳಿಗಿನೂ ಇದೂ ಒಂದ ಅಂತಲ್ಲ! ನಮ್ಮ ಹುಡುಗಿಗಿ ಸಕ್ರಿ ಕಾಯಿಲಿ ಎಲ್ಲೈತಿ?"

"ಚಲೋ ಕೇಳಿದ್ರಿ. ಒಂದ ಕೊಡಲಿ ಕಟಿಗಿನೂ ಸೀಳತೈತಿ, ಗೂಟಾನೂ ಬಡಿತೈತಿ. ಮೈಯಾಗ ಇನ್ಸುಲಿನ್ ಅಂತ ಒಂದು ರಸ ಐತಿ. ಈ ತೊಂದರೆ ಇದ್ದ ಭಾಳ ಮಂದಿಗೆ ಅದು ಸರಿಯಾಗಿ ಕೆಲಸ ಮಾಡಂಗಿಲ್ಲ. ಅದಕ್ಕ ಮೈ ಅದನ್ನ ಹೆಚ್ಚೆಚ್ಚು ಮಾಡತೈತಿ, ಆ ಹೆಚ್ಚಾದದ್ದು ಅಂಡಾಶಯಕ್ಕ ತ್ರಾಸು ಕೊಡತೈತಿ. ಗುಳಿಗಿ ಅದನ್ನ ಹದಕ್ಕ ತರತೈತಿ."

"ಸಾಯೋತನ ನುಂಗಬೇಕೇನು?" ಎಂದು ಪಂಪಮ್ಮ ಬಾಯಿಬಿಟ್ಟಳು.

"ಅದನ್ನ ನಾನೂ ಹೇಳಂಗಿಲ್ಲ, ನೀವೂ ಹೇಳಂಗಿಲ್ಲ. ಡಾಕ್ಟರಮ್ಮ ಆಗಾಗ ನೋಡಿ ಕಡಿಮಿ ಮಾಡ್ತಾರ, ಬದಲಿ ಮಾಡ್ತಾರ, ಬ್ಯಾಡ ಅನಿಸಿದ್ರ ನಿಲ್ಲಸ್ತಾರ."

"ಮದಿವಿ ಆದ್ರ ಮಕ್ಕಳು...?"

"ಎಷ್ಟೋ ಮಂದಿಗೆ ಆಗ್ಯಾವು ಪಂಪಮ್ಮ. ಔಷಧ ಬಿಟ್ಟು ಕುಂತು ಹೆದರೋದಕ್ಕಿಂತ ತಗೊಂಡು ಧೈರ್ಯದಿಂದ ಇರ್ರಿ. ಗುಳಿಗಿ ತುಟ್ಟಿ ಆತೇನು? ಸರ್ಕಾರಿ ದವಾಖಾನ್ಯಾಗ ಸಿಗತೈತೇನು ಕೇಳೋಣು. ಅದ ಔಷಧ ಬ್ಯಾರೆ ಕಂಪನಿದು ಅಗ್ಗ ಇರತೈತಿ. ಡಾಕ್ಟರನ್ನ ಕೇಳಿ ಬರಿಸ್ಕೋಬಹುದು."

ಆಗ ಅಂಜಿನಿ ತಲೆ ಎತ್ತಿದಳು.

"ಗುಳಿಗಿ ತುಟ್ಟಿ ಅಲ್ರಿ ಅಕ್ಕಾ. ನನ್ನ ಮುಟ್ಟು ತುಟ್ಟಿ. ಗುಳಿಗಿ ನುಂಗಿದ್ರ ಮುಟ್ಟು ಬರತೈತಿ, ಮುಟ್ಟು ಬಂದ್ರ ತೋಟಕ್ಕ ಹೋಗಂಗಿಲ್ಲ. ನಮ್ಮ ಪಾಲಿನ ಸಾಲು ಅವ್ವ ಒಬ್ಬಾಕಿ ಎಷ್ಟಂತ ಬಿಡಸ್ತಾಳ? ಅದಕ್ಕ ಸುಮ್ನಾದೆ. ಆದ್ರ ಅವತ್ತು ಬಿದ್ದಾಗ ಸತ್ತೆ ಅಂದ್ಕಂಡಿದ್ದೆ, ಅಕ್ಕಾ. ದಿನಾ ಅಂಜಿಕಿ ಆಗತೈತಿ."

ಪಂಪಮ್ಮ ಸೆರಗು ಬಾಯಿಗೆ ಹಿಡಿದಳು. ಕೆಟ್ಟ ತಾಯಿಯಲ್ಲ ಅವಳು. ಹೂವಿನ ಮನೆಯ ತಾಯಿ, ಅಷ್ಟೇ.

ಕನಕಮ್ಮ ಯಾರನ್ನೂ ಬೈಯಲಿಲ್ಲ. ದ್ಯಾಮಕ್ಕನ ಕಡೆ ತಿರುಗಿ ತಾವೇ ಒಂದು ಪ್ರಶ್ನೆ ಕೇಳಿದರು.

"ದೊಡ್ಡವ್ವ, ನನಗೂ ಒಂದು ತಿಳಿವಲ್ದು. ಬಂದಾಕಿ ಮುಟ್ಟಾಗ್ಯಾಳ ಅಂತ ಗಿಡಕ್ಕ ಹೆಂಗ ಗೊತ್ತಾಗತೈತಿ?"

ಉತ್ತರವಿಲ್ಲದೆ ದ್ಯಾಮಕ್ಕ ಕೂತದ್ದನ್ನು ನಾನು ಅವತ್ತೇ ನೋಡಿದ್ದು. ಅವಳಿಗೆ ಅದು ಸಹಿಸಲಾಗಲಿಲ್ಲ. "ವಿಚಾರ ಮಾಡಿ ಹೇಳ್ತೀನಿ ತಡಿ," ಎಂದು ಎದ್ದು ಹೋದಳು.

ಮರುದಿನ ಬೆಳಗ್ಗೆ ಮುದುಕಿ ಎಲ್ಲರಿಗಿಂತ ಮೊದಲು ತೋಟದಲ್ಲಿದ್ದಳು. ಪಕ್ಕದೂರಿನಿಂದ ಕೂಲಿ ಹೆಂಗಸರು ಟಂಟಂನಲ್ಲಿ ಬಂದಿಳಿದರು. ಅವರಲ್ಲಿ ಗೀತಮ್ಮ ಎಂಬುವಳು ಹಳಬಳು. ದ್ಯಾಮಕ್ಕ ನೇರ ಅವಳ ಮುಂದೆ ಹೋಗಿ ನಿಂತಳು.

"ಏ ಗೀತಮ್ಮ, ನೀವು ಇಷ್ಟು ಮಂದಿ ದಿನಾ ಬರ್ತೀರಿ. ಹೊರಗಾದಾಗ ಏನ್ ಮಾಡ್ತೀರಿ?"

ಒಬ್ಬಳು ಸೆರಗಿನಲ್ಲಿ ಕಿಸಕ್ಕನೆ ನಕ್ಕಳು.

"ಖರೇ ಹೇಳಿದ್ರ ನಾಳಿಂದ ಕೆಲಸಕ್ಕ ಕರೀತಿಯಿಲ್ಲ ಅಜ್ಜಿ?" ಎಂದಳು ಗೀತಮ್ಮ.

"ಕರೀತೀನಿ. ಹೇಳ."

"ಬರ್ತೀವಿ, ಮತ್ತೇನ್ ಮಾಡಾನ? ಮನ್ಯಾಗ ಕುಂತ್ರ ಒಲಿ ಹತ್ತತೈತೇನು? ನೀವು ಯಾವತ್ತೂ ಕೇಳಿಲ್ಲ, ನಾವು ಯಾವತ್ತೂ ಹೇಳಿಲ್ಲ."

"ಯಾವಾಗಿಂದ?"

"ನಮ್ಮವ್ವ ಈ ತೋಟಕ್ಕ ಬರ್ತಿದ್ದಳಲ್ಲ, ಆವಾಗಿಂದ." ಗೀತಮ್ಮ ದನಿ ತಗ್ಗಿಸಿದಳು. "ಶಿವರಾತ್ರಿ ಆದ ಮ್ಯಾಲ ಅಂಜಿನಿ ಹೊರಗ ಕುಂತಾಳ ಅಂತ ನನ್ನ ಕರಿಸಿದ್ರಲ್ಲ, ಅವತ್ತು ನಾನೂ ಹೊರಗಾಗಿದ್ದೆ ಅಜ್ಜಿ."

ದ್ಯಾಮಕ್ಕ ಸುತ್ತ ನೋಡಿದಳು. ಸಾಲು ಸಾಲು ಗಿಡಗಳು ಬೆಳ್ಳಗೆ ಮೊಗ್ಗು ಹೊತ್ತು ನಿಂತಿದ್ದವು. ಯಾವುದೂ ಸೊರಗಿರಲಿಲ್ಲ. ಮುದುಕಿ ಬದುವಿನ ಮೇಲೆ ಕುಕ್ಕರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅವಳಿಗೆ ಅಳು ಬಂತು.

"ಪಂಪೀ, ಕೇಳಿದ್ಯೇನ? ಮುಟ್ಟಾದಾಕಿನ್ನ ಕೂಲಿ ಕೊಟ್ಟು ಕರಿಸಿ, ಮನಿ ಮಗಳ ಔಷಧ ನಿಲ್ಲಿಸಿವಲ್ಲ ನಾವು! ಗಿಡಕ್ಕ ಗೊತ್ತಾಗಲಿಲ್ಲ. ದೇವರಿಗೆ ಗೊತ್ತಿತ್ತು, ಅವನೂ ಏನೂ ಅನ್ನಲಿಲ್ಲ. ನಡುವ ನಾವ್ಯಾರು ಈ ಕೂಸಿನ ಜೀವ ತಿನ್ನಾಕ?"

ಪಂಪಮ್ಮ ಬುಟ್ಟಿ ಕೆಳಗಿಟ್ಟು ಮಗಳನ್ನು ತಬ್ಬಿಕೊಂಡಳು. ಮೊಗ್ಗು ಒಂದಿಷ್ಟು ಚೆಲ್ಲಿಹೋದವು. ಅವತ್ತು ಯಾರೂ ಅವನ್ನು ಆರಿಸಲು ಹೋಗಲಿಲ್ಲ.

ಆ ದಿನವೇ ಅಜ್ಜಿ, ತಾಯಿ, ಮಗಳು ಹಡಗಲಿ ಬಸ್ಸು ಹತ್ತಿದರು. ಮಾಡದಲ್ಲಿದ್ದ ಹಳೇ ಪೊಟ್ಟಣ ಬಿಚ್ಚಿ ತಾವೇ ಶುರು ಮಾಡಲಿಲ್ಲ, ಅದೊಂದು ಒಳ್ಳೆಯ ಕೆಲಸ. ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ, ರಕ್ತ ಕಡಿಮೆಯಾಗಿದ್ದಕ್ಕೆ ಬೇರೆ ಗುಳಿಗೆ ಸೇರಿಸಿ, ಔಷಧ ಹೊಸದಾಗಿ ಬರೆದುಕೊಟ್ಟರು. ಊಟದ ಜೊತೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ ಎಂದರು. ದಿನಾ ಚುರುಕಾಗಿ ನಡೆಯಲು, ಸಿಹಿ ಮತ್ತು ಕರಿದದ್ದು ಕಡಿಮೆ ಮಾಡಲು, ಆಗಾಗ ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಿದರು. ದ್ಯಾಮಕ್ಕ ಅಲ್ಲಿಯೂ ಎಷ್ಟು ಪ್ರಶ್ನೆ ಕೇಳಿದಳೆಂದರೆ ಹೊರಗೆ ಕಾದವರು ಗೊಣಗಿದರಂತೆ. ಡಾಕ್ಟರಮ್ಮ ಮಾತ್ರ, "ಎಲ್ಲರೂ ಹೀಗೇ ಕೇಳಿದರೆ ನನ್ನ ಅರ್ಧ ಕೆಲಸ ಕಡಿಮೆ" ಎಂದರಂತೆ.

ಮುಂದಿನ ಸಲ ಮುಟ್ಟಾದಾಗ ಅಂಜಿನಿ ರೂಢಿಯಂತೆ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಿದ್ದಳು. ದ್ಯಾಮಕ್ಕ ಬುಟ್ಟಿ ಹಿಡಿದು ಬಂದಳು.

"ಹೊಟ್ಟಿ ನೋವೈತೇನವಾ? ಇದ್ರ ಒಳಗ ಮಲಕ್ಕ. ಇಲ್ಲಂದ್ರ ನಡಿ, ಮೊಗ್ಗು ಕಾಯಂಗಿಲ್ಲ."

ಅಂಜಿನಿ ಎದ್ದಳು. ಪಂಪಮ್ಮ ಅವಳನ್ನು ತಡೆದು ನಿಲ್ಲಿಸಿ, ಒಂದು ರೊಟ್ಟಿ ತಿನ್ನಿಸಿ, ಗುಳಿಗೆ ನುಂಗಿಸಿ ಕಳಿಸಿದಳು. ಆ ದಿನ ಅವಳು ಅಂಜಿಕೆಯಿಲ್ಲದೆ ತೋಟಕ್ಕೆ ಹೋದಳು.

ಓದುವವರೇ, ಸಂಘದಲ್ಲಿ ಕೂತು ಕೇಳುತ್ತಿರುವವರೇ, ನಿಮ್ಮ ಮನೆಯ ಹುಡುಗಿಗೆ ಸರಿಯಾಗಿ ಮುಟ್ಟು ಬರುತ್ತಿದೆಯೇ? ಗೊತ್ತಿಲ್ಲದಿದ್ದರೆ ಕೇಳಿ. ತಿಂಗಳುಗಟ್ಟಲೆ ಬರದಿದ್ದರೆ ಅದು ಪುಣ್ಯವಲ್ಲ, ಡಾಕ್ಟರಿಗೆ ತೋರಿಸಿ. ಮುಟ್ಟು ಸರಿಯಾಯಿತೆಂದು, ಕೆಲಸದ ಹಂಗಾಮು ಬಂತೆಂದು ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ತುಟ್ಟಿಯಾದರೆ ಅದನ್ನೂ ಡಾಕ್ಟರ ಮುಂದೆ ನಾಚಿಕೆಯಿಲ್ಲದೆ ಹೇಳಿ, ದಾರಿ ಇರುತ್ತದೆ. ಯಾರಾದರೂ ಔಷಧ ಬಿಟ್ಟು ಸುಮ್ಮನೆ ಕೂತಿದ್ದರೆ ಬೈಯಬೇಡಿ. ಪಕ್ಕದಲ್ಲಿ ಕೂತು, ಯಾಕೆ ಬಿಡಬೇಕಾಯಿತು ಎಂದು ಕೇಳಿ. ಅಂಜಿನಿಯನ್ನು ನಾವು ಯಾರೂ ಕೇಳಿರಲಿಲ್ಲ. ನಿಮ್ಮ ಮಗಳನ್ನು ನೀವು ಇವತ್ತೇ ಕೇಳಿ.